ಓದುಗರ ಪ್ರಶ್ನೆ: ಮುಂದಿನ ದೋಣಿಗೆ ಗುದ್ದಿದರೆ ಗೆದ್ದಂತೆಯೇ?

ಪ್ರಶ್ನೆ: ನಮ್ಮಕ್ಕನ ಮಗ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದುತ್ತಿದ್ದಾನೆ. ಅಲ್ಲಿನ ದೋಣಿ ಕ್ಲಬ್ ಸೇರಿದ್ದಾನೆ. ಮುಂದಿನ ದೋಣಿಗೆ ಗುದ್ದಿದರೆ ಗೆದ್ದ ಹಾಗೆ ಅಂತಾನೆ. ಸುಮ್ನೆ ಹೇಳ್ತಿದಾನಾ?
– ಓದುಗರು, ಗಂಗಾವತಿ

ಉತ್ತರ: ಹುಡುಗ ಹೇಳಿದ್ದು ನಿಜ. ಅಲ್ಲಿನ ಕ್ಯಾಮ್ ನದಿ ಬಹಳ ಕಿರಿದು, ಆನೆಗೊಂದಿಯ ಹೊಳೆ ನೋಡಿದ ನೀವು ಅದನ್ನು ಕಾಲುವೆ ಅಂತಲೇ ಅಂದುಕೊಳ್ಳುತ್ತೀರಿ. ಎಂಟು ಜನ ಹುಟ್ಟು ಹಾಕುವ ದೋಣಿಗಳು ಅಕ್ಕಪಕ್ಕ ಓಡಲು ಜಾಗ ಸಾಲದು. ಅದಕ್ಕೆ ಎಲ್ಲವನ್ನೂ ಒಂದರ ಹಿಂದೆ ಒಂದು ನಿಲ್ಲಿಸುತ್ತಾರೆ, ನಡುವೆ ಒಂದೂವರೆ ದೋಣಿಯಷ್ಟು ಅಂತರ. ತೋಪು ಹಾರಿತೋ, ಎಲ್ಲರೂ ಮುಂದಿನವರನ್ನು ಅಟ್ಟಿಸಿಕೊಂಡು ಹೋಗಬೇಕು. ಮುಟ್ಟಿದರೆ ಮರುದಿನ ಇಬ್ಬರ ಜಾಗ ಅದಲುಬದಲು. ಹೀಗೆ ನಾಲ್ಕು ದಿನ ನಡೆಯುತ್ತದೆ, ಮುಂದಿನ ವರ್ಷ ಅದೇ ಸಾಲಿನಿಂದ ಮತ್ತೆ ಶುರು. ನಾಲ್ಕೂ ದಿನ ಮುಟ್ಟಿದವರಿಗೆ ತಂಡದವರ ಹೆಸರು ಬರೆಸಿದ ಹುಟ್ಟು ಸಿಗುತ್ತದೆ.

ಆಕ್ಸ್‌ಫರ್ಡ್‌ನಲ್ಲಿ ಕಾಲೇಜುಗಳ ಪೈಪೋಟಿ 1815ರಲ್ಲೇ ಇತ್ತು, ಕೇಂಬ್ರಿಡ್ಜ್‌ನಲ್ಲಿ 1827ರಲ್ಲಿ ಶುರುವಾಯಿತು. ನಿಮ್ಮ ಹುಡುಗನ ಕ್ಲಬ್ ಅದಕ್ಕಿಂತ ಎರಡು ವರ್ಷ ಹಳೆಯದು, 1825ರದು. ಕಾಲೇಜು ಕಟ್ಟಿಸಿದ ರಾಜಮಾತೆ ಲೇಡಿ ಮಾರ್ಗರೆಟ್ ಹೆಸರೇ ಕ್ಲಬ್ಬಿಗೂ. ಹೆಸರು ಹೆಣ್ಣಿನದು, ಆದರೆ 1980ರ ದಶಕದವರೆಗೆ ಆ ಕಾಲೇಜಿಗೆ ಹುಡುಗಿಯರನ್ನೇ ಸೇರಿಸಿಕೊಳ್ಳುತ್ತಿರಲಿಲ್ಲ, ತಮಾಷೆ ಅಲ್ವಾ? 1829ರಲ್ಲಿ ಆಕ್ಸ್‌ಫರ್ಡ್‌ಗೆ ಮೊದಲ ಸವಾಲು ಹಾಕುವುದರ ಹಿಂದೆ ಇದ್ದವನು ಇದೇ ಕಾಲೇಜಿನ ಚಾರ್ಲ್ಸ್ ಮೆರಿವೇಲ್. ಹೆನ್ಲಿಯಲ್ಲಿ ನಡೆದ ಆ ಪಂದ್ಯವನ್ನು ಆಕ್ಸ್‌ಫರ್ಡ್ ಗೆದ್ದಿತು.

ಗುದ್ದುವ ಆಟ ಅಪಾಯದ್ದೂ ಹೌದು. 1888ರಲ್ಲಿ ಚೂಪಾದ ದೋಣಿ ಮೂತಿ ತಾಗಿ ಒಬ್ಬ ವಿದ್ಯಾರ್ಥಿ ಸತ್ತ. ಆಮೇಲೆ ಮೂತಿಗೆ ರಬ್ಬರ್ ಚೆಂಡು ಕಟ್ಟುವುದು ಕಡ್ಡಾಯವಾಯಿತು.

ಪ್ರಶ್ನೆ: ನಮ್ಮ ಕಾಲೇಜಿನವರೂ ತುಂಗಭದ್ರೆಯಲ್ಲಿ ಇಂಥ ಕ್ಲಬ್ ಮಾಡಬಹುದಾ?
– ಪದವಿ ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ಆನೆಗೊಂದಿ ಕಡೆ ಬೇಡ. ಆ ದೋಣಿಯ ಮೈ ತೆಳು, ನಮ್ಮ ಬಂಡೆಗೆ ಒಂದು ಸಲ ತಾಗಿದರೆ ಮುಗಿಯಿತು. ಅಲ್ಲಿಗೆ ಹರಿಗೋಲೇ ಸರಿ, ಅದಕ್ಕೆ ಮೂತಿಯೂ ಇಲ್ಲ ಬಾಲವೂ ಇಲ್ಲ, ಬಂಡೆ ತಾಗಿದರೆ ತಿರುಗಿಕೊಂಡು ಹೋಗುತ್ತದೆ. ಅಲ್ಲದೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ, ಅಲ್ಲಿ ಮೊಸಳೆಗಳೂ ಇವೆ.

ಉಳಿದದ್ದು ಡ್ಯಾಂ ಹಿನ್ನೀರು. ಮಳೆಗಾಲ ಮುಗಿದ ಮೇಲೆ ನೀರು ತುಂಬಿರುತ್ತದೆ, ಬೇಸಿಗೆಗೆ ದಡ ಎಲ್ಲೋ ದೂರ ಹೋಗಿರುತ್ತದೆ, ಹಾಗಾಗಿ ವರ್ಷವಿಡೀ ಅಭ್ಯಾಸ ಆಗದು. ಗಾಳಿಯೂ ಜಾಸ್ತಿ. ಆದರೂ ಕೆಲವು ತಿಂಗಳಿಗಾದರೂ ಪ್ರಯತ್ನಿಸಬಹುದು ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಅಗಲಕ್ಕೆ ಕೊರತೆಯಿಲ್ಲ, ಗುದ್ದುವ ನಿಯಮ ಬೇಕಿಲ್ಲ, ಅಕ್ಕಪಕ್ಕವೇ ಓಡಿಸಿ. ಮೊದಲು ಪ್ರಾಂಶುಪಾಲರನ್ನು ಕರೆದುಕೊಂಡು ಹೋಗಿ ಡ್ಯಾಂ ಅಧಿಕಾರಿಗಳ ಅನುಮತಿ ಕೇಳಿ. ಅದು ಸಿಗುವಷ್ಟರಲ್ಲಿ ಎಲ್ಲರೂ ಈಜು ಕಲಿತಿರಿ.