ಕಂಪನಿಯ ಬ್ಯಾಡ್ಜ್ ಹಿಂದೆ ಓಡಬೇಡಿ, ತಂಡ ನೋಡಿ

ಆಸ್ಟ್ರೇಲಿಯಾದ ಸೂಪರ್‌ಕಾರ್ಸ್ ಎಂಬ ಕಾರ್ ರೇಸ್ ಸರಣಿಯ ಬಗ್ಗೆ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಈ ಸಲ ಬಿಡಿಸಿ ಹೇಳುತ್ತೇನೆ.

ಓದುಗರೊಬ್ಬರು ಕೇಳಿದ್ದು: ನಾವು ಮೆಲ್ಬರ್ನ್‌ನಲ್ಲಿದ್ದೇವೆ. 13 ವರ್ಷದ ಮಗ ಕಾರ್ಟಿಂಗ್‌ನಲ್ಲಿ (ಪುಟ್ಟ ಕಾರುಗಳ ರೇಸ್) ಚೆನ್ನಾಗಿ ಓಡಿಸುತ್ತಾನೆ. 2026ಕ್ಕೆ ಟೊಯೋಟಾ ಬಂದಿದೆ, ಈಗಲೇ ದುಡ್ಡು ಕಟ್ಟಿ "ಟೊಯೋಟಾ ಹುಡುಗ" ಆದರೆ ಮುಂದೆ ಸೀಟು ಗ್ಯಾರಂಟಿ ಎನ್ನುತ್ತಾರೆ ಒಬ್ಬರು. ಕಟ್ಟಬಹುದಾ?

ಬೇಡ. ಹೀಗೆ ಗ್ಯಾರಂಟಿ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅಪ್ಪ-ಅಮ್ಮಂದಿರ ಉಳಿತಾಯ ಅದು.

ಇಲ್ಲಿ ಚಾಲಕನನ್ನು ಆರಿಸುವುದು ಮುಖ್ಯವಾಗಿ ತಂಡ. ಕಂಪನಿಗಳು ಬರುತ್ತವೆ, ಹೋಗುತ್ತವೆ. ವೋಲ್ವೋ 2014ರಲ್ಲಿ ಬಂತು, 2016ರ ಕೊನೆಗೆ ಹೊರಟಿತು. ನಿಸಾನ್ ಕೂಡ ಹೋಯಿತು. ದಶಕಗಳ ಕಾಲ ಇಲ್ಲಿನ ಜನರ ಮನೆಮಾತಾಗಿದ್ದ ತನ್ನ ಹೋಲ್ಡನ್ ಕಾರು ಬ್ರ್ಯಾಂಡನ್ನೇ ಮುಚ್ಚುವುದಾಗಿ 2020ರಲ್ಲಿ ಜನರಲ್ ಮೋಟಾರ್ಸ್ ಹೇಳಿತು. ಆ ನಿರ್ಧಾರ ಆದದ್ದು ಅಮೆರಿಕದಲ್ಲಿ. ಅದರಲ್ಲಿ ನಿಮ್ಮ ಮಗನ ಲ್ಯಾಪ್ ಟೈಮ್ ಯಾರು ನೋಡುತ್ತಾರೆ?

ವಾಕಿನ್‌ಶಾ ತಂಡವನ್ನೇ ನೋಡಿ. 2022ರಲ್ಲಿ ಹೋಲ್ಡನ್, 2023ರಿಂದ ಫೋರ್ಡ್, 2026ಕ್ಕೆ ಟೊಯೋಟಾ. ಬ್ಯಾಡ್ಜ್ ಮೂರಾದರೂ ಸೀಟಿನಲ್ಲಿ ಚಾಜ್ ಮೋಸ್ಟರ್ಟ್ ಇದ್ದಾರೆ, 2025ರಲ್ಲಿ ಚಾಂಪಿಯನ್ ಕೂಡ ಆದರು. ಇನ್ನೊಬ್ಬ ಚಾಲಕ ಸ್ಕಾಟ್ ಮೆಕ್‌ಲಾಫ್ಲಿನ್ ಕೂಡ ಹಾಗೇ: ಹೋಲ್ಡನ್, ವೋಲ್ವೋ, ಆಮೇಲೆ ಫೋರ್ಡ್. 2018ರಿಂದ ಸತತ ಮೂರು ಪ್ರಶಸ್ತಿ.

ಹಾಗಾದರೆ ದಾರಿ ಯಾವುದು? ಮುಖ್ಯ ಸರಣಿಯ ಕೆಳಗೆ ಸೂಪರ್2, ಅದರ ಕೆಳಗೆ ಸೂಪರ್3 ಎಂಬ ಮೆಟ್ಟಿಲುಗಳಿವೆ. ಚಾಲಕ ಬ್ರಾಕ್ ಫೀನಿ 2019ರಲ್ಲಿ ಸೂಪರ್3 ಗೆದ್ದರು, 2021ರಲ್ಲಿ ಸೂಪರ್2. 2022ಕ್ಕೆ ಟ್ರಿಪಲ್ ಎಯ್ಟ್ ತಂಡದಲ್ಲಿ ಜೇಮಿ ವಿನ್‌ಕಪ್ ಬಿಟ್ಟ ಸೀಟು ಸಿಕ್ಕಿತು. ಅದಕ್ಕೂ ಮೊದಲೇ ಬ್ಯಾಥರ್ಸ್ಟ್ 1000 ಎಂಬ ಸಾವಿರ ಕಿಲೋಮೀಟರ್ ರೇಸ್‌ನಲ್ಲಿ ಓಡಿಸಿದ್ದರು. ಅಲ್ಲಿ ಪ್ರತಿ ಕಾರನ್ನೂ ಸರದಿಯಲ್ಲಿ ಓಡಿಸಲು ಇಬ್ಬರು ಚಾಲಕರು ಬೇಕು. ಎರಡನೆಯವನ ಆ ಜಾಗವೇ ಹುಡುಗರಿಗೆ ದೊಡ್ಡ ಪರೀಕ್ಷೆ. ಟೈರ್ ಉಳಿಸುತ್ತಾನಾ, ಕಾರಿನ ತೊಂದರೆಯನ್ನು ಎಂಜಿನಿಯರ್‌ಗೆ ಬಿಡಿಸಿ ಹೇಳುತ್ತಾನಾ, ಗೋಡೆಗೆ ಗುದ್ದದೆ ವಾಪಸ್ ತರುತ್ತಾನಾ ಅಂತ ತಂಡ ನೋಡುತ್ತದೆ.

ಆದ್ದರಿಂದ ಆ ದುಡ್ಡನ್ನು ಟ್ರ್ಯಾಕ್ ಸಮಯಕ್ಕೆ, ಒಳ್ಳೆಯ ಎಂಜಿನಿಯರ್‌ಗೆ ಹಾಕಿ. ಒಪ್ಪಂದ ಏನೇ ಇದ್ದರೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ನಾನು ಜಾಸ್ತಿ ಹೆದರುವವನು ಅನ್ನಿಸಬಹುದು. ಆದರೆ ಮನೆ ಅಡವಿಟ್ಟು ಎರಡೇ ಸೀಸನ್‌ಗೆ ಮಗನನ್ನು ಮನೆಗೆ ಕರೆದುಕೊಂಡು ಹೋದ ಕುಟುಂಬವನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದಿಷ್ಟು ಪ್ರಶ್ನೆಗಳು. ಅಂಗಡಿಯಲ್ಲಿ ಸಿಗುವ ಟೊಯೋಟಾ ಸುಪ್ರಾದಲ್ಲಿ ವಿ8 (ಎಂಟು ಸಿಲಿಂಡರ್ ಎಂಜಿನ್) ಇಲ್ಲ. ರೇಸ್ ಕಾರಿನಲ್ಲಿ ಹೇಗೆ?

ರೇಸ್ ಕಾರು ಬೇರೆ, ಅದರಲ್ಲಿ ವಿ8 ಇದೆ. ಒಳಗಿನ ಚಾಸಿ (ಕಾರಿನ ಚೌಕಟ್ಟು) ಎಲ್ಲರಿಗೂ ಒಂದೇ, ಅದರ ಮೇಲೆ ಕಂಪನಿಯ ಆಕಾರ. ನಿಯಮವೇ ಹೀಗಿದೆ.

ಷೆವರ್ಲೆ ಕಾರಿನ ಎದುರು ಫೋರ್ಡ್‌ಗೆ ಅನ್ಯಾಯ ಆಗಿದೆ ಅಲ್ವಾ?

2023ರ ಕೊನೆಗೆ ಎರಡೂ ಕಾರುಗಳನ್ನು ಅಮೆರಿಕದ ವಿಂಡ್ ಟನೆಲ್‌ಗೆ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ಒಯ್ದು ಅಳೆದರು. ಸುಮ್ನೆ ಪಿತೂರಿ ಕಥೆ ಹರಡಬೇಡಿ.

ಸೂಪರ್2 ಬಿಟ್ಟು ನೇರವಾಗಿ ಮುಖ್ಯ ಸರಣಿಗೆ ಹೋಗಬಹುದಾ?

ನನ್ನ ಮಗನಾಗಿದ್ದರೆ ಬಿಡುತ್ತಿರಲಿಲ್ಲ. ಬ್ಯಾಥರ್ಸ್ಟ್ 1000 ನಡೆಯುವ ಮೌಂಟ್ ಪನೋರಮಾ ಟ್ರ್ಯಾಕ್‌ನಲ್ಲಿ 161 ಸುತ್ತು, ಬೆಟ್ಟದ ಮೇಲೆ ಕಾರಿನ ಪಕ್ಕದಲ್ಲೇ ಕಾಂಕ್ರೀಟ್ ಗೋಡೆ.