ಶಾಲೆ ಬಿಡುವ ಹೊತ್ತಲ್ಲಿ ಮಕ್ಕಳಿಗೆ ಅಂತ ಕಾರು ನಿಲ್ಲಿಸಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಏನು ಮಾಡಲಿ?

ಈಗಷ್ಟೇ ಕಾರು ಕಲಿತಿದ್ದೀರಿ, ದಿನಾ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯಲ್ಲೇ ಹೋಗಬೇಕು ಅಂತ ಬರೆದಿದ್ದೀರಿ. ಹಾರ್ನ್ ಹೊಡೆದರೆ ಹೊಡೆಯಲಿ, ನೀವು ನಿಲ್ಲಿಸಿ. ಆದರೆ ಹೇಗೆ ನಿಲ್ಲಿಸುತ್ತೀರಿ ಅನ್ನೋದು ಮುಖ್ಯ.

ನಾನು ಇದೇ ಊರಲ್ಲಿ ಒಂಬತ್ತು ವರ್ಷ ಶಾಲೆ ಮಕ್ಕಳ ಆಟೋ ಓಡಿಸಿದ್ದೇನೆ. ಮೊದಲ ವರ್ಷ ಒಂದು ಸಂಜೆ ಯುಕೆಜಿ ಹುಡುಗಿಯೊಬ್ಬಳನ್ನು ಮನೆ ಹತ್ತಿರ ಇಳಿಸಿದೆ. ರಸ್ತೆಯ ಆ ಕಡೆ ಅವಳ ಅಜ್ಜಿ ನಿಂತಿದ್ದರು. "ಬಾ ಪುಟ್ಟಿ" ಅಂತ ಕೈ ಬೀಸಿದರು. ಮಗು ಆಟೋ ಹಿಂದಿನಿಂದ ಒಂದೇ ಓಟ ಕಿತ್ತಿತು. ಹಿಂದೆ ಬರುತ್ತಿದ್ದ ಕಾರಿನವರು ನಿಧಾನಕ್ಕೆ ಬರುತ್ತಿದ್ದರು, ಬ್ರೇಕ್ ಹಿಡಿಯಿತು. ಬಂಪರಿಗೂ ಅವಳ ನೀರಿನ ಬಾಟಲಿಗೂ ಒಂದು ಗೇಣು ಅಂತರ. ಕೈ ಹಿಡಿದು ದಾಟಿಸಬೇಕಾಗಿದ್ದವನು ನಾನು. ಅವತ್ತಿನಿಂದ ಒಂದು ಮಗುವನ್ನೂ ಒಂಟಿಯಾಗಿ ದಾಟಲು ಬಿಟ್ಟಿಲ್ಲ.

ಆಗಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ನಿಂತ ವ್ಯಾನ್ ಹಿಂದಿರುವ ಮಗು ನಿಮಗೆ ಕಾಣಲ್ಲ. ಆದರೆ ಎದುರು ಬದಿಯಲ್ಲಿ ಕಾಯುತ್ತಿರುವ ಅಮ್ಮ, ಅಜ್ಜಿ ಕಾಣುತ್ತಾರೆ. ಅವರು ಯಾವ ಕಡೆ ನೋಡಿ ನಗುತ್ತಿದ್ದಾರೋ, ಮಗು ಬರೋದು ಅಲ್ಲಿಂದಲೇ. ವ್ಯಾನಿನ ಕೆಳಗೂ ಒಮ್ಮೆ ಕಣ್ಣು ಹಾಯಿಸಿ, ಪುಟ್ಟ ಶೂಗಳು ಕಾಣಬಹುದು.

ವೇಗ 20ರ ಆಸುಪಾಸು ಇರಲಿ. ಒಣ ರಸ್ತೆಯಲ್ಲೂ 50ರಲ್ಲಿ ಹೋಗುವ ಕಾರು, ಮಗುವನ್ನು ನೀವು ಕಂಡಲ್ಲಿಂದ ಪೂರ್ತಿ ನಿಲ್ಲಲು ಸುಮಾರು 28 ಮೀಟರ್ ಬೇಕು. 30ರಲ್ಲಿ 13 ಸಾಕು. ಮಳೆ ಬಂದರೆ ಇನ್ನೂ ಜಾಸ್ತಿ.

ಈಗ ನಿಲ್ಲಿಸುವ ವಿಷಯ. ಜೋರಾಗಿ ಬ್ರೇಕ್ ಒತ್ತಬೇಡಿ. ದೂರದಿಂದಲೇ ಎರಡು ಮೂರು ಸಲ ಮೆಲ್ಲಗೆ ಒತ್ತಿ, ಹಿಂದಿನವರಿಗೆ ಕೆಂಪು ದೀಪ ಕಾಣಲಿ. ಬಲಗೈ ಕಿಟಕಿಯಿಂದ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿ. ಈ ಕೈಸನ್ನೆ ಡ್ರೈವಿಂಗ್ ಸ್ಕೂಲಲ್ಲಿ ಕಲಿಸಿರುತ್ತಾರೆ, ಆಮೇಲೆ ಯಾರೂ ಬಳಸಲ್ಲ. ಝೀಬ್ರಾ ಪಟ್ಟೆಗೆ ನಾಲ್ಕೈದು ಅಡಿ ಮೊದಲೇ ನಿಲ್ಲಿ.

ಇನ್ನೊಂದು, ದಯವಿಟ್ಟು ಮಗುವಿಗೆ "ಹೋಗು ಹೋಗು" ಅಂತ ಕೈ ತೋರಿಸಬೇಡಿ. ನೀವು ನಿಂತಿದ್ದೀರಿ, ಸರಿ. ನಿಮ್ಮ ಪಕ್ಕದಲ್ಲಿ ನುಗ್ಗಿ ಬರುವ ಬೈಕಿನವನು ನಿಲ್ಲುತ್ತಾನಾ? ಮಗು ನಿಮ್ಮನ್ನು ನಂಬಿ ಓಡುತ್ತದೆ. ಸುಮ್ನೆ ನಿಂತು ಎರಡೂ ಕನ್ನಡಿ ನೋಡುತ್ತಿರಿ. ಕೊನೆಯ ಮಗು ಆ ಬದಿ ಮುಟ್ಟಿದ ಮೇಲೆ ಹೊರಡಿ.

ಹಾರ್ನ್ ಬಗ್ಗೆ ಹೆದರಬೇಡಿ. 2000ರ ಶಬ್ದಮಾಲಿನ್ಯ ನಿಯಮದ ಪ್ರಕಾರ ಶಾಲೆಯ ಸುತ್ತ 100 ಮೀಟರ್ ವರೆಗೆ ನಿಶ್ಶಬ್ದ ವಲಯ ಅಂತ ಘೋಷಿಸಬಹುದು, ಅಲ್ಲಿ ಹಾರ್ನ್ ಹೊಡೆಯುವುದೇ ತಪ್ಪು.

ಸಾಧ್ಯವಾದರೆ ಒಂದು ದಿನ ಕಾರು ದೂರ ನಿಲ್ಲಿಸಿ, ಶಾಲೆ ಬಿಡುವ ಹೊತ್ತಿಗೆ ಗೇಟ್ ಹತ್ತಿರ ನಡೆದು ಹೋಗಿ. ನಿಂತ ಎರಡು ಕಾರುಗಳ ಮಧ್ಯೆ ಒಂದು ನಿಮಿಷ ಕುಕ್ಕರಗಾಲಲ್ಲಿ ಕೂತು ರಸ್ತೆ ನೋಡಿ. ಒಂದನೇ ಕ್ಲಾಸಿನ ಮಗುವಿಗೆ ಕಾಣುವ ರಸ್ತೆ ಅಷ್ಟೇ.