ತಾಮ್ರ ಸೇರಿದ ನೋವಿನ ಔಷಧಿ

ಪ್ರಶ್ನೆ: ಮಗಳು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಾಳೆ. ಪ್ರಾಜೆಕ್ಟ್‌ಗೆ ಡೈಕ್ಲೋಫೆನಾಕ್ ಜೊತೆ ತಾಮ್ರ ಸೇರಿಸಿದ್ದಾರಂತೆ. ಬರೀ ಔಷಧಿಗಿಂತ ಅದು ಬ್ಯಾಕ್ಟೀರಿಯಾಗಳನ್ನು ಜಾಸ್ತಿ ಕೊಂದಿತು ಅಂತಾಳೆ. ಮಂಡಿನೋವಿಗೆ ನಾನು ನುಂಗೋದೂ ಡೈಕ್ಲೋಫೆನಾಕ್ ಮಾತ್ರೆಯನ್ನೇ. ತಾಮ್ರದ ಚೊಂಬಿನ ನೀರಲ್ಲಿ ನುಂಗಿದರೆ ಗುಣ ಹೆಚ್ಚುತ್ತಾ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಉತ್ತರ: ಇಲ್ಲ, ಹೆಚ್ಚೋದಿಲ್ಲ. ಚೊಂಬಿನ ನೀರಿಗೆ ಬಿಡುವ ತಾಮ್ರ ತೀರಾ ಕಡಿಮೆ. ಹೊಟ್ಟೆಯ ಹುಳಿಯಲ್ಲಿ ಔಷಧಿಯೂ ತಾಮ್ರವೂ ಕೈ ಹಿಡಿದುಕೊಂಡು ಇರೋದೂ ಕಷ್ಟ. ಗಟ್ಟಿ ಹುಳಿ ಸಿಕ್ಕರೆ ಅವು ಬೇರೆಯಾಗುತ್ತವೆ.

ಲ್ಯಾಬ್‌ನಲ್ಲಿ ಆಗೋದೇ ಬೇರೆ. ಡೈಕ್ಲೋಫೆನಾಕ್ ಸೋಡಿಯಂ ಕರಗಿಸಿದ ತಿಳಿನೀರಿಗೆ ನೀಲಿ ಮೈಲುತುತ್ತದ (ಅಂದರೆ ಕಾಪರ್ ಸಲ್ಫೇಟ್, ತಾಮ್ರದ ಲವಣ) ನೀರು ಹನಿಸಿದರೆ ಹಸಿರು ಗಸಿ ಇಳಿಯುತ್ತದೆ. ಅದನ್ನು ಸೋಸಿ, ತೊಳೆದು, ಒಣಗಿಸಿದರೆ ಮಗಳು ಹೇಳಿದ ಸಂಯುಕ್ತ. ಇಂಥ ಎಷ್ಟೋ ಸಂಯುಕ್ತಗಳಲ್ಲಿ ಎರಡು ತಾಮ್ರದ ಪರಮಾಣುಗಳನ್ನು ನಾಲ್ಕು ಔಷಧಿ ಅಣುಗಳು ನಾಲ್ಕು ಕಡೆಯಿಂದ ಹಿಡಿದಿರುತ್ತವೆ. ಹೀಗೆ ಸೇರಿದಾಗ ವಿದ್ಯುದಂಶ ಸರಿದೂಗಿ, ಬ್ಯಾಕ್ಟೀರಿಯಾದ ಜಿಡ್ಡಿನ ಪೊರೆ ದಾಟೋದು ಸುಲಭವಾಗುತ್ತದೆ ಅಂತ ಕೆಮಿಸ್ಟ್‌ಗಳು ಕಾರಣ ಕೊಡುತ್ತಾರೆ.

ಆದರೆ ನೀವು ಅಡಿಕೆಯವರು, ಕೊಳೆರೋಗಕ್ಕೆ ಪ್ರತಿ ಮಳೆಗಾಲ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರೋದೂ ಇದೇ ತುತ್ತ ಅಲ್ವಾ? ತಾಮ್ರ ಒಂಟಿಯಾಗಿಯೇ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಹಾಗಾಗಿ ಮಗಳನ್ನು ಒಂದು ಮಾತು ಕೇಳಿ: ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿ, ಔಷಧಿ ಹಚ್ಚಿದ ಕಾಗದದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಉಂಗುರ ಕಾಣುತ್ತದಲ್ಲ, ಬರೀ ತುತ್ತಕ್ಕೂ ಅಷ್ಟೇ ತಾಮ್ರದ ಲೆಕ್ಕದಲ್ಲಿ ಆ ಉಂಗುರ ಅಳೆದಿದ್ದೀರಾ? ಅಳೆಯದಿದ್ದರೆ ಕೊಂದಿದ್ದು ಸಂಯುಕ್ತವೋ ಸುಮ್ನೆ ತಾಮ್ರವೋ ಹೇಳೋಕೆ ಆಗಲ್ಲ. ನನಗೆ ಇಡೀ ಪ್ರಾಜೆಕ್ಟ್‌ನ ಪ್ರಾಣ ಅಲ್ಲೇ ಇದೆ ಅನ್ನಿಸುತ್ತದೆ. ಇನ್ನೊಂದು, ಬ್ಯಾಕ್ಟೀರಿಯಾ ಸತ್ತರೆ ಮಂಡಿಯ ಊತ ಇಳಿಯಿತು ಅಂತ ಅರ್ಥವಲ್ಲ. ಅದು ಬೇರೆಯೇ ಪರೀಕ್ಷೆ.

ಹಾಗಂತ ಇದು ವ್ಯರ್ಥದ ಕೆಲಸ ಅನ್ನಬೇಡಿ. ಆಸ್ಪಿರಿನ್‌ನಂಥ ಔಷಧಿಗಳಿಗೆ ತಾಮ್ರ ಸೇರಿದರೆ ಇಲಿಗಳಲ್ಲಿ ಊತ ಚೆನ್ನಾಗಿ ಇಳಿಯುತ್ತದೆ, ಹೊಟ್ಟೆಯ ಹುಣ್ಣೂ ಕಡಿಮೆ ಅಂತ ಅಮೆರಿಕದ ಸಂಶೋಧಕ ಸೋರೆನ್ಸನ್ 1970ರ ದಶಕದಲ್ಲೇ ತೋರಿಸಿದ್ದರು. ಇಂಡೊಮೆಥಾಸಿನ್ ಅನ್ನೋದು ಇನ್ನೊಂದು ನೋವಿನ ಔಷಧಿ. ಅದನ್ನು ಬರಿದೇ ಕೊಟ್ಟರೆ ನಾಯಿಗಳ ಹೊಟ್ಟೆಯಲ್ಲಿ ರಕ್ತ ಸುರಿಯುತ್ತದೆ, ಅದಕ್ಕೇ ತಾಮ್ರ ಸೇರಿಸಿದ ಇಂಡೊಮೆಥಾಸಿನ್ ಅನ್ನು ಆಸ್ಟ್ರೇಲಿಯಾದಲ್ಲಿ ನಾಯಿ, ಕುದುರೆಗಳಿಗೆ ಕೊಟ್ಟಿದ್ದಾರೆ. ಮನುಷ್ಯರ ಕೀಲುವಾತಕ್ಕೆ ಚಿನ್ನದ ಸಂಯುಕ್ತವೇ ನುಂಗುವ ಔಷಧಿಯಾಗಿ ಬಂದಿದೆ: ಆರಾನೊಫಿನ್, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ.

ಮನೆಯಲ್ಲಿ ತುತ್ತ ಬೆರೆಸಿ ನೋಡಬೇಡಿ, ಅದು ವಿಷ. ಡೈಕ್ಲೋಫೆನಾಕ್ ಅನ್ನು ಊಟದ ಮೇಲೆ ಮಾಮೂಲಿ ನೀರಲ್ಲೇ ನುಂಗಿ. ಹೊಟ್ಟೆ ಉರಿ ಬಂದರೆ ಅಥವಾ ಮಲ ಕಪ್ಪಗಾದರೆ ಮಾತ್ರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.